ನಡುಮನೆಯಲ್ಲಿ ಎಂಜಿನ್

ಆ ಬೇಸಿಗೆ ರಜೆಯಲ್ಲಿ ನಮ್ಮ ನಡುಮನೆಯಲ್ಲಿ ಮಲಗುತ್ತಿದ್ದದ್ದು ನಾಲ್ಕು ಜನ ಮತ್ತು ಒಂದು ಎಂಜಿನ್. ಅಪ್ಪ ಬಾಗಿಲ ಬಳಿ, ಅಜ್ಜಿ ದೇವರ ಗೂಡಿನ ಕೆಳಗೆ, ಅಮ್ಮ ಮತ್ತು ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ. ಎಂಜಿನ್ ನಟ್ಟನಡುವೆ, ಸವೆದ ಲಾರಿ ಟೈರಿನ ಮೇಲೆ, ಅಜ್ಜಿಯ ಹಳೆಯ ಸೀರೆ ಹೊದ್ದುಕೊಂಡು ಕೂತಿತ್ತು. ಹೊದಿಕೆ ಅಜ್ಜಿಯದೇ ಏರ್ಪಾಡು. ಬಿಚ್ಚಿಟ್ಟ ಎಂಜಿನ್ನಿನೊಳಗೆ ಧೂಳು ಹೋಗಬಾರದು ಎಂದು ಮೆಕ್ಯಾನಿಕ್ ಹೇಳಿದ್ದನ್ನು ಅವಳು ಬಾಣಂತಿಗೆ ಗಾಳಿ ತಾಕಬಾರದು ಎಂಬಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದಳು. ಮನೆಗೆ ಬಂದವರು ಆ ಸೀರೆಯ ಗುಪ್ಪೆಯನ್ನು ನೋಡಿ ಮೊದಲು ದನಿ ತಗ್ಗಿಸುತ್ತಿದ್ದರು. ಒಳಗಿರುವುದು ಎಂಜಿನ್ ಎಂದು ಗೊತ್ತಾದ ಮೇಲೆ ನಗುತ್ತಿದ್ದರು. ನಮಗೆ ನಗು ಬರುತ್ತಿರಲಿಲ್ಲ. ಜೂನಿನಲ್ಲಿ ಶಾಲೆ ತೆರೆಯುವ ದಿನ ಆ ಎಂಜಿನ್ ನಮ್ಮ ವ್ಯಾನಿನೊಳಗೆ ಕೂತು ಓಡದಿದ್ದರೆ, ಅಪ್ಪ ನನ್ನ ಸೋದರಮಾವನ ಹತ್ತಿರ ಡ್ರೈವರ್ ಆಗಿ ಸೇರಬೇಕಿತ್ತು. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮಲ್ಲತ್ತಹಳ್ಳಿ ಕೆರೆಯ ಏರಿ ಇಳಿದರೆ ಎಡಕ್ಕೆ ನಮ್ಮ ಬೀದಿ. ಮನೆ ಶೀಟಿನದು. ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು, ಅಷ್ಟೇ. ನೆಲಕ್ಕೆ ಕೆಂಪು ಗಾರೆ. ಅದನ್ನು ಅಮ್ಮ ಒರೆಸಿ ಒರೆಸಿ ಮುಖ ಕಾಣುವ ಹಾಗೆ ಇಟ್ಟಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಗೋಡೆಗೊರಗಿ, ಮಣೆ ಮುಂದಿಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಕರಿ ಹಿಟ್ಟನ್ನು ಇಷ್ಟೇ ಇಷ್ಟು ಕಿತ್ತು, ಕಡ್ಡಿಗೆ ಅಂಟಿಸಿ, ಅಂಗೈಯಲ್ಲಿ ಒಂದು ಸಲ ಉರುಳಿಸಿದರೆ ಬತ್ತಿ. ಬಾಪೂಜಿ ನಗರದ ಕಡೆಯಿಂದ ಒಬ್ಬರು ವಾರಕ್ಕೊಮ್ಮೆ ಬಂದು ಹಿಟ್ಟು, ಕಡ್ಡಿ ಕೊಟ್ಟು, ಹೊಸೆದದ್ದನ್ನು ತೂಕ ಹಾಕಿ ಒಯ್ಯುತ್ತಿದ್ದರು. ಹಾಗಾದರೆ ನಿಮ್ಮ ಮನೆ ಯಾವಾಗಲೂ ಘಮಘಮ ಎನ್ನುತ್ತಿತ್ತೇನೋ ಎಂದು ಈಗಲೂ ಕೆಲವರು ಕೇಳುತ್ತಾರೆ. ಹೊಸೆಯುವ ಬತ್ತಿಗೆ ವಾಸನೆ ಇರುವುದಿಲ್ಲ. ಪರಿಮಳ ಹಾಕುವುದು ಆಮೇಲೆ, ಇನ್ನೆಲ್ಲೋ, ಇನ್ಯಾರೋ. ನಮಗೆ ಸಿಗುತ್ತಿದ್ದದ್ದು ಇದ್ದಿಲ ಪುಡಿ ಮತ್ತು ಅಮ್ಮನ ಕಪ್ಪು ಅಂಗೈ. ನನ್ನ ಜಡೆ ಹಾಕುವ ಮೊದಲು ಅವಳು ಎಷ್ಟು ಸೋಪು ಹಾಕಿ ತಿಕ್ಕಿಕೊಂಡರೂ ರಿಬ್ಬನ್ನಿನ ತುದಿಯಲ್ಲಿ ಒಂದು ಕರಿ ಗುರುತು ಇದ್ದೇ ಇರುತ್ತಿತ್ತು.

ಅಪ್ಪನದು ಸ್ಕೂಲ್ ವ್ಯಾನ್. ನಮ್ಮ ಕಡೆಯ ಮತ್ತು ನಾಗರಭಾವಿಯ ಮಕ್ಕಳನ್ನು ವಿಜಯನಗರದ ಶಾಲೆಗೆ ಬಿಟ್ಟು, ಸಂಜೆ ವಾಪಸ್ಸು ಕರೆತರುವುದು ಕೆಲಸ. ನಾನೂ ಅದರಲ್ಲೇ ಹೋಗುತ್ತಿದ್ದೆ, ಹಿಂದಿನ ಸೀಟಿನಲ್ಲಿ. ವ್ಯಾನ್ ಕೊಳ್ಳುವ ಮೊದಲು ಅಪ್ಪ ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿದ್ದ. ಆ ದಿನಗಳ ಬಗ್ಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು, ಓನರ್ ಮನೆಯಲ್ಲಿ ಕಾಫಿ ಕೊಟ್ಟರೂ ಗೇಟಿನ ಹೊರಗೆ ನಿಂತು ಕುಡಿಯಬೇಕಿತ್ತು ಎಂದು. ವ್ಯಾನು ಹಳೆಯದೇ, ಮೂರನೇ ಕೈಯಿಂದ ಕೊಂಡದ್ದು. ಆದರೂ ಕೊಂಡ ದಿನ ಅವನು ಅದರ ಸ್ಟೀರಿಂಗ್ ಹಿಂದೆ ಕೂತು ಒಂದು ಲೋಟ ಕಾಫಿ ತರಿಸಿಕೊಂಡು ಕುಡಿದನಂತೆ. ಇದನ್ನು ಅಮ್ಮ ತಮಾಷೆಯಾಗಿ ಹೇಳುತ್ತಿದ್ದಳು, ಅಪ್ಪ ಮಾತ್ರ ನಗುತ್ತಿರಲಿಲ್ಲ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ವ್ಯಾನಿಗೆ ವಯಸ್ಸಾಗಿತ್ತು. ಬೆಳಗ್ಗೆ ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಅದಕ್ಕೇ ಅಪ್ಪ ಅದನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ಬರುತ್ತಿದ್ದ. ಬೆಳಗ್ಗೆ ಇಳಿಜಾರಿನಲ್ಲಿ ಬಿಟ್ಟರೆ ಅರ್ಧ ದಾರಿಯಲ್ಲಿ ಕೆಮ್ಮಿಕೊಂಡು ಎದ್ದೇಳುತ್ತಿತ್ತು. ನೀಲಿ ಹೊಗೆ ಹಿಂದಿನಿಂದ ಹೊರಟು ಬೀದಿಯೆಲ್ಲ ಹರಡುತ್ತಿತ್ತು. ಆಯಿಲ್ ಎಷ್ಟು ಹಾಕಿದರೂ ಕುಡಿಯುತ್ತಿತ್ತು. ಶಾಲೆಯಲ್ಲಿ ನಮ್ಮ ವ್ಯಾನಿಗೆ ಹೊಗೆಗಾಡಿ ಎಂದೇ ಹೆಸರು. ಅಮ್ಮ ದೀಪಾವಳಿಯಿಂದಲೂ ಎಂಜಿನ್ ಬಿಚ್ಚಿಸಿ ಎಂದು ಹೇಳುತ್ತಲೇ ಇದ್ದಳು. ಅವಳು ಹೇಳುತ್ತಿದ್ದದ್ದು ಊಟದ ಹೊತ್ತಿನಲ್ಲಿ, ಅಪ್ಪ ಎದ್ದು ಹೋಗಲು ಆಗದ ಸಮಯ ನೋಡಿಕೊಂಡು.

"ರೀ, ಅದು ನರಳ್ತಾ ಇದೆ. ನನಗೇ ಗೊತ್ತಾಗತ್ತೆ, ನಿಮಗೆ ಗೊತ್ತಾಗಲ್ವಾ?"

"ಇನ್ನೊಂದು ವರ್ಷ ಓಡತ್ತೆ ಬಿಡು."

"ಹೋದ ವರ್ಷಾನೂ ಇದನ್ನೇ ಅಂದ್ರಿ."

"ಓಡ್ತಲ್ಲ?"

ಅಮ್ಮ ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದಳು. ನಮ್ಮ ಮನೆಯಲ್ಲಿ ಜಗಳಗಳು ಹೀಗೇ ಮುಗಿಯುತ್ತಿದ್ದವು, ಯಾರದೋ ತಟ್ಟೆಯಲ್ಲಿ ಸಾರು ಜಾಸ್ತಿಯಾಗಿ.

ಪರೀಕ್ಷೆ ಮುಗಿದ ದಿನ ಮಕ್ಕಳನ್ನೆಲ್ಲ ಇಳಿಸಿ ಬರುವಾಗ ನಾಗರಭಾವಿ ಸರ್ಕಲ್ಲಿನ ಹತ್ತಿರ ಒಳಗೆಲ್ಲೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಶಬ್ದವಾಯಿತು, ಎಂಜಿನ್ ನಿಂತುಹೋಯಿತು. ಮತ್ತೆ ಏಳಲಿಲ್ಲ. ಮಾಗಡಿ ರಸ್ತೆಯಲ್ಲಿ ಮೆಕ್ಯಾನಿಕ್ ಶೆಡ್ ಇಟ್ಟುಕೊಂಡಿದ್ದ ಸಾದಿಕಣ್ಣ, ಅಪ್ಪನಿಗೆ ಹಳೆಯ ಸ್ನೇಹಿತ, ಬಂದು ನೋಡಿ, ಪೂರ್ತಿ ಬಿಚ್ಚಬೇಕು ಎಂದ. ಪೂರ್ತಿ ಬಿಚ್ಚಿ ಕಟ್ಟಲು ಆಗುವ ಖರ್ಚನ್ನು ಕೇಳಿ ಅಪ್ಪ ವ್ಯಾನನ್ನು ಎಳೆಸಿಕೊಂಡು ಬಂದು ಕೆರೆ ಏರಿಯ ಮೇಲೆ ನಿಲ್ಲಿಸಿದ. ಆ ಭಾನುವಾರವೇ ಗೋಪಿ ಮಾವ ಕೆಂಗೇರಿಯಿಂದ ಬಂದ. ಗೋಪಿ ಮಾವ ಎಂದರೆ ಅಮ್ಮನ ತಮ್ಮ. ಅಪ್ಪನಿಗಿಂತ ಬಹಳ ಚಿಕ್ಕವನು, ಆಗಲೇ ಮೂರು ಟೆಂಪೊಗಳ ಮಾಲೀಕ. ಸೊಂಟದಲ್ಲಿ ಚರ್ಮದ ಚೀಲದೊಳಗೆ ಮೊಬೈಲ್ ಇಟ್ಟುಕೊಂಡು ಓಡಾಡುತ್ತಿದ್ದ ನಮ್ಮ ನೆಂಟರಲ್ಲಿ ಅವನೇ ಮೊದಲಿಗ. ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಭಾವ, ಅದನ್ನ ಗುಜರಿಗೆ ಹಾಕ್ಬಿಡಿ. ಬಂದಷ್ಟು ಬರಲಿ. ನನ್ನ ಹತ್ರ ಒಂದು ಗಾಡಿಗೆ ಡ್ರೈವರ್ ಇಲ್ಲ. ನೀವೇ ಬಂದ್ಬಿಡಿ, ತಿಂಗಳು ತಿಂಗಳು ಸಂಬಳ, ತಲೆನೋವಿಲ್ಲ."

ಅಪ್ಪ ಕಾಫಿ ಲೋಟವನ್ನು ನೋಡುತ್ತ ಕೂತಿದ್ದ.

"ಸ್ಕೂಲ್ ಓಪನ್ ಆಗೋದ್ರೊಳಗೆ ಮಾಡಿಸ್ತೀನಿ," ಎಂದ.

"ಆಗದೆ ಹೋದ್ರೆ?"

"ಆಗದೆ ಹೋದ್ರೆ ಬರ್ತೀನಿ."

ಮಾವ ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಈಗ ಯೋಚಿಸಿದರೆ ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಭಾವಮೈದುನನ ಕೈಕೆಳಗೆ ಡ್ರೈವರ್ ಆಗುವುದು ಅಪ್ಪನಿಗೆ ಏನೆಂದು ಅವನಿಗೆ ಗೊತ್ತಾಗಲಿಲ್ಲ, ಅಮ್ಮನಿಗೆ ಗೊತ್ತಾಯಿತು. ಶಾಲೆ ತೆರೆದ ದಿನ ವ್ಯಾನ್ ಬರದಿದ್ದರೆ ಮಕ್ಕಳ ಅಪ್ಪ ಅಮ್ಮಂದಿರು ಮಧ್ಯಾಹ್ನದೊಳಗೆ ಇನ್ನೊಂದು ವ್ಯಾನ್ ಹುಡುಕುತ್ತಾರೆ. ಒಮ್ಮೆ ಹೋದ ಮಕ್ಕಳು ಆ ವರ್ಷ ವಾಪಸ್ಸು ಬರುವುದಿಲ್ಲ. ಅಮ್ಮ ಗಂಡನ ಕಡೆಯೂ ಮಾತಾಡಲಾರದೆ ತಮ್ಮನ ಕಡೆಯೂ ಮಾತಾಡಲಾರದೆ, ಆ ದಿನ ಮಾಡಿದ್ದ ಒಬ್ಬಟ್ಟನ್ನೆಲ್ಲ ಮಾವನಿಗೆ ಕಟ್ಟಿಕೊಟ್ಟಳು.

ಖರ್ಚು ಇಳಿಸುವ ದಾರಿ ಹೇಳಿದವನು ಸಾದಿಕಣ್ಣ. ಅವನು ದಪ್ಪಗಿದ್ದ, ಸೆಖೆಗೆ ಯಾವಾಗಲೂ ಗೊಣಗುತ್ತಿದ್ದ, ಬೆಲ್ಲದ ಚಹಾ ಕೊಟ್ಟರೆ ಮಾತ್ರ ಗೊಣಗಾಟ ನಿಲ್ಲಿಸುತ್ತಿದ್ದ.

"ರಾಮಣ್ಣ, ಶೆಡ್ಡಲ್ಲಿ ಮಾಡಿದ್ರೆ ನನ್ನ ಹುಡುಗರ ಕೂಲಿ ಬೀಳತ್ತೆ. ಎಂಜಿನ್ ಮನೆಗೆ ತಗೊಂಡೋಗು. ತೊಳೆಯೋದು, ಕೆರೆಯೋದು, ವಾಲ್ವ್ ಉಜ್ಜೋದು ನಿಮ್ಮ ಮನೇವ್ರೇ ಮಾಡ್ಕೊಳ್ಳಿ. ಜೋಡ್ಸೋದಕ್ಕೆ ನಾನು ಸಂಜೆ ಬರ್ತೀನಿ. ನನಗೆ ಕೂಲಿ ಅಂತ ಬೇಡ, ಚಾಯ್ ಕೊಡು."

ಹೀಗೆ ಎಂಜಿನ್ ಕೈಗಾಡಿಯಲ್ಲಿ ನಮ್ಮ ಮನೆಗೆ ಬಂತು. ನಾಲ್ವರು ಗಂಡಸರು ಬೊಂಬಿಗೆ ಹಗ್ಗ ಕಟ್ಟಿ ಹೊತ್ತು ಹೊಸ್ತಿಲು ದಾಟಿಸುವಾಗ ಅಜ್ಜಿ ತಡೆದು, ಬಲಗಡೆ ಮೊದಲು ಬರಲಿ ಎಂದಳು. ಎಂಜಿನ್ನಿಗೆ ಬಲಗಡೆ ಯಾವುದು ಎಂದು ಸಾದಿಕಣ್ಣ ಏದುಸಿರು ಬಿಡುತ್ತಲೇ ಕೇಳಿದ. ಅಜ್ಜಿ ಸ್ವಲ್ಪ ಯೋಚಿಸಿ ಒಂದು ಕಡೆ ತೋರಿಸಿದಳು. ಅವರು ಬಾಗಿಲಲ್ಲೇ ಅದನ್ನು ತಿರುಗಿಸಿಕೊಂಡು ಒಳಗೆ ತಂದರು.

ಆಮೇಲಿನ ದಿನಗಳಲ್ಲಿ ಮನೆಯ ಎಲ್ಲದಕ್ಕೂ ಸೀಮೆಎಣ್ಣೆಯ ವಾಸನೆ. ಮುದ್ದೆಗೂ, ತಲೆದಿಂಬಿಗೂ, ದೇವರ ಮುಂದಿನ ಹೂವಿಗೂ. ಬಚ್ಚಲ ಪಕ್ಕದಲ್ಲಿ ದೊಡ್ಡ ಟಬ್ಬಿಟ್ಟು, ಅಪ್ಪ ಬಿಚ್ಚಿಕೊಟ್ಟ ಒಂದೊಂದು ಭಾಗವನ್ನೂ ನಾವು ತೊಳೆಯುತ್ತಿದ್ದೆವು. ವರ್ಷಗಳ ಮಸಿ ಜಿಡ್ಡಾಗಿ ಇಳಿಯುತ್ತಿತ್ತು. ಏನನ್ನು ಉಳಿಸಿಕೊಳ್ಳಬಹುದು, ಏನನ್ನು ಕೊಳ್ಳಲೇಬೇಕು ಎಂದು ಅಪ್ಪ ಮತ್ತು ಸಾದಿಕಣ್ಣ ಸಂಜೆ ಕೂತು ನಿರ್ಧರಿಸುತ್ತಿದ್ದರು, ಮದುವೆ ಮನೆಯ ಸಾಮಾನು ಆರಿಸುವ ಹಾಗೆ. ಪಿಸ್ಟನ್ ಹಳೆಯದೇ ಸಾಕು, ರಿಂಗ್ ಮಾತ್ರ ಹೊಸದು. ವಾಲ್ವ್‌ಗಳು ಹಳೆಯವೇ, ಉಜ್ಜಿಕೊಂಡರಾಯಿತು. ಎಂಜಿನ್ನಿನ ಗೂಡನ್ನೂ, ಅದರೊಳಗೆ ತಿರುಗುವ ದಪ್ಪ ಉಕ್ಕಿನ ಕ್ರ್ಯಾಂಕನ್ನೂ ಕಾಮಾಕ್ಷಿಪಾಳ್ಯದಲ್ಲಿ ಲೋಹ ಕಡೆಯುವ ಒಂದು ಲೇತಿಗೆ ಕಳಿಸಿ ಸರಿಮಾಡಿಸಿದರು. ಅಷ್ಟಕ್ಕೇ ಅಪ್ಪ ಒಟ್ಟುಮಾಡಿದ್ದ ದುಡ್ಡು ತಳ ಕಂಡಿತು. ಉಳಿದ ಚೂರುಪಾರು ದುಡ್ಡಿನಲ್ಲಿ ಇನ್ನು ಬರಬೇಕಾದದ್ದು ಬೇರಿಂಗ್ ಒಂದೇ.

ವಾಲ್ವ್ ಉಜ್ಜುವ ಕೆಲಸ ಅಮ್ಮನ ಪಾಲಿಗೆ ಬಂತು. ವಾಲ್ವ್ ಎಂದರೆ ಉದ್ದ ಕಾಂಡದ ಅಣಬೆಯಂಥದು. ಅದರ ಅಂಚು ತನ್ನ ಕುಳಿಯಲ್ಲಿ ಗಾಳಿ ನುಸುಳದಂತೆ ಕೂರಬೇಕು. ಅಂಚಿಗೆ ಮರಳುಮರಳಾದ ಒಂದು ಮುಲಾಮು ಹಚ್ಚಿ, ತಲೆಗೆ ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಕೋಲನ್ನು ಎರಡು ಅಂಗೈ ನಡುವೆ ಹಿಂದಕ್ಕೂ ಮುಂದಕ್ಕೂ ಹೊಸೆಯಬೇಕು, ಕಡಗೋಲಿನಲ್ಲಿ ಮಜ್ಜಿಗೆ ಕಡೆದ ಹಾಗೆ. ಅಪ್ಪ ಮೊದಲು ತಾನೇ ಶುರುಮಾಡಿದ. ಅವನಿಗೆ ಅವಸರ. ಒತ್ತಿ ಒತ್ತಿ ಹೊಸೆದು, ಒಂದೇ ಕಡೆ ಗೆರೆ ಬೀಳಿಸಿದ. ಅಮ್ಮ ಊದುಬತ್ತಿಯ ಮಣೆಯಿಂದ ಎದ್ದು ಬಂದು ಕೋಲನ್ನು ಅವನ ಕೈಯಿಂದ ಇಸಿದುಕೊಂಡಳು. ಅವಳ ಅಂಗೈಗೆ ಎಷ್ಟು ಭಾರ ಬಿಡಬೇಕು, ಎಲ್ಲಿ ಬಿಡಬಾರದು ಎಂಬುದು ಮೊದಲೇ ಬರುತ್ತಿತ್ತು. ಕರ್ರ್ ಎನ್ನುತ್ತಿದ್ದ ಶಬ್ದ ನಿಧಾನವಾಗಿ ನುಣ್ಣಗಾಗುತ್ತಿತ್ತು. ಒರೆಸಿ ನೋಡಿದರೆ ಅಂಚಿನ ಸುತ್ತ ಒಂದೇ ಅಗಲದ ಬೂದಿ ಬಣ್ಣದ ಉಂಗುರ. ಸಾದಿಕಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಮ್ಮನನ್ನು ನೋಡಿ, ಶೆಡ್ಡಿಗೆ ಕೆಲಸಕ್ಕೆ ಬರ್ತೀರೇನಕ್ಕ ಎಂದು ಕೇಳಿದ. ಅವನು ಕೇಳಿದ್ದು ಅರ್ಧ ತಮಾಷೆಗೆ, ಅಮ್ಮ ಒಂದು ವಾರ ಅದನ್ನೇ ನೆನೆದು ನಗುತ್ತಿದ್ದಳು.

ನನ್ನ ಕೆಲಸ ಕಾಯುವುದು. ಉಜ್ಜಿದ ವಾಲ್ವ್‌ಗಳನ್ನು ಕೂರಿಸಿ, ಮೇಲಿನ ಗುಳಿಗೆ ಸೀಮೆಎಣ್ಣೆ ಹುಯ್ದು ಬಿಟ್ಟರೆ, ಎಲ್ಲಾದರೂ ಸಂದು ಉಳಿದಿದ್ದರೆ ಅದು ಕೆಳಗೆ ಒಸರುತ್ತದೆ. ಸಾದಿಕಣ್ಣ ನನಗೆ ಅದರ ಮುಂದೆ ಕೂತು ನೋಡುತ್ತಿರು ಎಂದ. ನಾನು ಊಟದ ತಟ್ಟೆಯನ್ನೂ ಅಲ್ಲಿಗೇ ತಂದುಕೊಂಡೆ. ಏನೂ ಆಗದಿರುವುದನ್ನು ನೋಡುತ್ತ ಕೂರುವುದು ಎಷ್ಟು ಕಷ್ಟ ಎಂಬುದು ಆಗಲೇ ಗೊತ್ತಾದದ್ದು. ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ನಾನು ಏಳಲಿಲ್ಲ. ಈಗ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಟ್ಟಲುಗಳಲ್ಲಿ ರೋಗಾಣು ಏನಾದರೂ ಬೆಳೆಯಿತೇ ಎಂದು ಕಾಯುವುದೇ ನನ್ನ ದಿನದ ಅರ್ಧ. ಜೊತೆಯವರು ನನ್ನ ತಾಳ್ಮೆಯನ್ನು ಹೊಗಳಿದಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ, ಎಂಜಿನ್ನಿನ ವಿಷಯ ಹೇಳಲು ಹೋದರೆ ಬಹಳ ದೂರದಿಂದ ಶುರುಮಾಡಬೇಕಾಗುತ್ತದೆ. ಆ ಮಧ್ಯಾಹ್ನ ಒಂದು ಹನಿಯೂ ಒಸರಲಿಲ್ಲ.

ಬೇರಿಂಗ್ ಬಂದದ್ದು ಒಂದು ಗುರುವಾರ. ಬಳೆಯನ್ನು ಎರಡು ಹೋಳು ಮಾಡಿದಂಥ ತೆಳ್ಳನೆಯ ತಗಡುಗಳು, ಒಳಮೈ ಮಂಕು ಬೂದಿ ಬಣ್ಣ. ಲೇತಿನಲ್ಲಿ ಸವೆಸಿದ ಕ್ರ್ಯಾಂಕಿನ ಸುತ್ತ, ಅದರ ಹೊಸ ಅಳತೆಗೆ ಸರಿಯಾಗಿ ಕೂರುವಂಥವು. ಹೊಸದೇ ಆಗಬೇಕಿತ್ತು, ಹಳೆಯದು ಹೊಂದುತ್ತಿರಲಿಲ್ಲ. ಅಪ್ಪ ಅವನ್ನು ಎಲ್ಲಿಡುವುದು ಎಂದು ನಡುಮನೆಯೆಲ್ಲ ನೋಡಿ, ಯಾರೂ ಮುಟ್ಟದ ಜಾಗ ಎಂದು ದೇವರ ಗೂಡಿನಲ್ಲಿ ಇಟ್ಟ. ನಾಳೆ ಶುಕ್ರವಾರ, ಸಂಜೆ ಸಾದಿಕಣ್ಣ ಬಂದು ಕೂರಿಸುತ್ತಾನೆ ಎಂದು ಅಜ್ಜಿಗೆ ಹೇಳಿದ. ಅಜ್ಜಿಗೆ ಇದು ತುಂಬ ಸರಿ ಎನಿಸಿತು. ಗಾಡಿಗೆ ಹೊಸ ಸಾಮಾನು ಕೂರುವ ಮೊದಲು ದೇವರ ಮುಂದಿಟ್ಟು ಪೂಜೆ ಮಾಡುವುದು ನಮ್ಮಲ್ಲಿ ಇದ್ದದ್ದೇ. ಟೈರಾಗಲಿ, ಬ್ಯಾಟರಿಯಾಗಲಿ, ಅರಿಶಿನ ಕುಂಕುಮ ಇಲ್ಲದೆ ನಮ್ಮ ವ್ಯಾನು ಏನನ್ನೂ ಮೈಮೇಲೆ ಹಾಕಿಕೊಂಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಎಂದಿನಂತೆ ದೇವರ ಪಾತ್ರೆಗಳನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ಹರಡಿಕೊಂಡಳು. ದೀಪ, ಪಂಚಪಾತ್ರೆ, ಗಂಟೆ, ತಟ್ಟೆ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ಅಂಗಡಿಯಿಂದ ಬಂದದ್ದು ಹತ್ತು ಕೈ ಮುಟ್ಟಿರುತ್ತದೆ, ತೊಳೆಯದೆ ದೇವರ ಮುಂದೆ ಇಡಬಾರದು ಎಂಬುದು ಅವಳ ನಿಯಮ. ಬಾಳೆಹಣ್ಣನ್ನೂ ತೊಳೆಯುತ್ತಿದ್ದಳು. ದೇವರ ಪಾತ್ರೆಗಳ ಜೊತೆಗೆ ಆ ಬೇರಿಂಗ್‌ಗಳನ್ನೂ ಒಂದೊಂದಾಗಿ ತೆಗೆದುಕೊಂಡು ಉಜ್ಜಿದಳು. ಮಂಕು ಬಣ್ಣ ಬಿಡುವವರೆಗೂ ಬಿಡಲಿಲ್ಲ. ಸಂಜೆ ಅಪ್ಪ ಮತ್ತು ಸಾದಿಕಣ್ಣ ಬಂದಾಗ ಅವು ವೀಳ್ಯದೆಲೆಯ ಮೇಲೆ ಸಾಲಾಗಿ, ಕುಂಕುಮ ಇಟ್ಟುಕೊಂಡು, ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿದ್ದವು. ಅಜ್ಜಿ ದೀಪದ ಪಕ್ಕ ನಿಂತಿದ್ದಳು, ಮುಖದಲ್ಲಿ ಸಂತೋಷ.

ಸಾದಿಕಣ್ಣ ಒಂದನ್ನು ಕೈಗೆತ್ತಿಕೊಂಡು ಬೆರಳಿನಿಂದ ಒಳಮೈ ಸವರಿದ. ಚಹಾ ಕೇಳಲಿಲ್ಲ.

"ಅಜ್ಜಿ, ಇದನ್ನ ಉಜ್ಜಿದ್ರಾ?"

"ಕರಿಕಟ್ಟಿತ್ತು ಕಣಪ್ಪ. ಹುಣಸೆಹಣ್ಣು ಹಾಕಿ ಉಜ್ದೆ. ಈಗ ನೋಡು, ಹೆಂಗಾಗದೆ."

"ಅದು ಕರಿ ಅಲ್ಲ ಅಜ್ಜಿ. ಅದು ಮೇಲಿನ ಪದರ. ಮೆತ್ತಗಿರ್ತದೆ. ಅದಿದ್ರೇನೇ ಉಕ್ಕು ಉಕ್ಕನ್ನ ತಿನ್ನಲ್ಲ."

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಮಗನ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

"ಹಂಗಾದ್ರೆ ಇದು ಬರಲ್ವಾ ಮಗ?"

ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಹಿಂದೆ ಓಡಿದೆ. ಕೆರೆ ಏರಿಯ ಹೊಂಗೆ ಮರದ ಕೆಳಗೆ ಎಂಜಿನ್ ಇಲ್ಲದ ವ್ಯಾನು ನಿಂತಿತ್ತು. ಅವನು ಹತ್ತಿ ಸ್ಟೀರಿಂಗ್ ಹಿಂದೆ ಕೂತ. ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಮುಂದಿನ ಗಾಜಿನಿಂದ ಕೆರೆಯನ್ನು ನೋಡುತ್ತ ಕೂತಿದ್ದೆವು. ನನಗೆ ಅಳು ಬರುತ್ತಿತ್ತು. ಅಪ್ಪನಿಗೂ ಬರುತ್ತಿತ್ತು ಎಂದು ಈಗ ಅನಿಸುತ್ತದೆ.

ನಾವು ವಾಪಸ್ಸು ಬಂದಾಗ ಅಜ್ಜಿ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ಮಾತಾಡಿದವಳು ಅಮ್ಮ. ಅತ್ತೆ ಸೊಸೆ ಎಂದರೆ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವ ಕಡೆ ಇಡಬೇಕು ಎಂಬುದಕ್ಕೂ ವಾದ ಮಾಡಿದವರು. ಆ ದಿನ ಅಮ್ಮ ಅಜ್ಜಿಯ ಮುಂದೆ ಅಡ್ಡ ನಿಂತಿದ್ದಳು.

"ದೇವರ ಗೂಡಲ್ಲಿ ಇಟ್ಟೋರು ಯಾರು? ನೀವು. ಅಲ್ಲಿ ಇಟ್ರೆ ಅವರು ತೊಳೀದೇ ಇರ್ತಾರಾ? ಇಷ್ಟು ವರ್ಷ ನೋಡಿಲ್ವಾ?"

"ನಾನೇನಾದ್ರೂ ಅಂದ್ನಾ?"

"ಅನ್ನದೇ ಎದ್ದೋದ್ರಲ್ಲ, ಅದಕ್ಕೇ ಹೇಳ್ತಿರೋದು."

ಅಪ್ಪ ಗೋಡೆಗೊರಗಿ ಕೂತ. ಅಮ್ಮ ದನಿ ಇಳಿಸಿ, ಗೋಪೀನ ಕೇಳಲಾ, ಇನ್ನೊಂದು ಸೆಟ್ಟಿಗೆ ಆಗೋಷ್ಟು ಕೊಡ್ತಾನೆ ಎಂದಳು.

"ದುಡ್ಡು ಕೇಳಬೇಡ," ಎಂದ ಅಪ್ಪ. "ನಾನೇ ಹೋಗಿ ಕೆಲಸ ಕೇಳ್ತೀನಿ. ಸ್ಕೂಲ್ ಶುರುವಾಗೋವರೆಗೂ ಓಡಿಸ್ತೀನಿ. ಅದರಲ್ಲಿ ಬೇರಿಂಗ್ ಬರತ್ತೆ."

ತಪ್ಪಿಸಿಕೊಳ್ಳಬೇಕೆಂದು ಇಷ್ಟು ದಿನ ಒದ್ದಾಡಿದ್ದ ಕೆಲಸಕ್ಕೆ ಅವನು ಮಾರನೇ ದಿನ ತಾನೇ ಹೋದ. ಅಮ್ಮ ಟ್ರಂಕಿನ ತಳದಿಂದ ಖಾಕಿ ಷರ್ಟು ತೆಗೆದು ಇಸ್ತ್ರಿ ಮಾಡಿಕೊಟ್ಟಳು. ಅವನು ಬಸ್ಸು ಹಿಡಿದು ಕೆಂಗೇರಿಗೆ ಹೋಗಿ, ದಿನವೆಲ್ಲ ಮಾವನ ಟೆಂಪೊ ಓಡಿಸಿ, ಸಂಜೆ ಬಂದು ಕೈಕಾಲು ತೊಳೆದು ಊಟ ಮಾಡುತ್ತಿದ್ದ. ಮಾವ ಹೇಗೆ ನೋಡಿಕೊಂಡ ಎಂದು ಅಮ್ಮ ಕೇಳಲಾರಳು, ಅಪ್ಪ ಹೇಳಲಾರ. ಒಂದು ದಿನ ನಾನೇ ಕೇಳಿದೆ, ಅಲ್ಲಿ ಕಾಫಿ ಎಲ್ಲಿ ಕುಡೀತೀಯ ಎಂದು. ಗೋಪಿ ಅವನ ಪಕ್ಕಾನೇ ಕೂರಿಸ್ಕೋತಾನೆ ಎಂದ ಅಪ್ಪ. ಅಷ್ಟು ಹೇಳಲು ಅವನಿಗೆ ಕಷ್ಟವಾಯಿತು. ಅಡುಗೆಮನೆಯಲ್ಲಿ ಅಮ್ಮನ ಬಳೆಗಳ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

ಅಜ್ಜಿ ಮಾತ್ರ ಬದಲಾಗಿಹೋದಳು. ಮಗ ಖಾಕಿ ಹಾಕಿಕೊಂಡು ಹೊರಡುವುದನ್ನು ನೋಡಲಾರದೆ ಆ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗುತ್ತಿದ್ದಳು. ಎಂಜಿನ್ ಹತ್ತಿರ ಸುಳಿಯುತ್ತಿರಲಿಲ್ಲ. ಹೊದಿಕೆ ಸರಿದಿದ್ದರೆ ನನ್ನನ್ನು ಕರೆದು ಹೊದಿಸು ಎನ್ನುತ್ತಿದ್ದಳು. ಶುಕ್ರವಾರ ಬಂತು, ಅವಳು ದೇವರ ಪಾತ್ರೆ ಉಜ್ಜಲಿಲ್ಲ. ಬರೀ ನೀರಿನಲ್ಲಿ ಅದ್ದಿ ಒರೆಸಿಟ್ಟಳು. ನಮ್ಮ ದೇವರ ಗೂಡು ಮೊದಲ ಸಲ ಮಬ್ಬಾಗಿ ಕಂಡಿತು. ಅಮ್ಮ ತಾನು ಉಜ್ಜಿಕೊಡುತ್ತೇನೆ ಎಂದಾಗ, ಬೇಡ ಕಮಲ, ಇರ್ಲಿ ಬಿಡು ಎಂದಳು.

ಹೊಸ ಬೇರಿಂಗ್ ತಂದ ದಿನ ಅಪ್ಪ ಬೇಗ ಮನೆಗೆ ಬಂದ. ಖಾಕಿ ಷರ್ಟಿನ ಜೇಬಿನಿಂದ ಪೊಟ್ಟಣ ತೆಗೆದ. ಅದನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕುತ್ತಾನೆ ಎಂದು ನಾನು ಅಂದುಕೊಂಡಿದ್ದೆ. ಅವನು ನೇರವಾಗಿ ಅಜ್ಜಿ ಕೂತಿದ್ದ ಮೂಲೆಗೆ ಹೋಗಿ, ಮುಂದೆ ಕುಕ್ಕುರುಗಾಲಲ್ಲಿ ಕೂತು, ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿದ.

"ಅವ್ವ, ಪೂಜೆ ಮಾಡು. ಉಜ್ಜಬೇಡ, ಅಷ್ಟೆ."

ಅಜ್ಜಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅತ್ತಳು. ಅಪ್ಪ ಅವಳ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಅವರಿಬ್ಬರೂ ಹಾಗೆ ಹತ್ತಿರ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಆಮೇಲೆ ಅವಳು ಪೊಟ್ಟಣ ಬಿಚ್ಚದೆಯೇ, ಕಾಗದದ ಮೇಲೆಯೇ ಕುಂಕುಮ ಇಟ್ಟು, ಆ ಮಬ್ಬು ದೀಪವನ್ನೇ ಹಚ್ಚಿ ಮಂಗಳಾರತಿ ಮಾಡಿದಳು. ಸಾದಿಕಣ್ಣ ಬಂದು ಕುಂಕುಮದ ಕಾಗದ ಬಿಚ್ಚಿ, ಬೂದಿ ಬಣ್ಣ ಹಾಗೇ ಇರುವುದನ್ನು ನೋಡಿ, ಚಹಾ ಕೇಳಿದ.

ಎಂಜಿನ್ ಕಟ್ಟಿ, ಹೊತ್ತು, ವ್ಯಾನಿನೊಳಗೆ ಇಳಿಸುವ ಹೊತ್ತಿಗೆ ರಜೆ ಮುಗಿಯುತ್ತ ಬಂದಿತ್ತು. ಶಾಲೆ ತೆರೆಯುವ ಹಿಂದಿನ ದಿನ ಮೊದಲ ಸಲ ಚಾಲೂ ಮಾಡಿದರು. ಬೀದಿಯವರೆಲ್ಲ ಏರಿಯ ಮೇಲೆ ನಿಂತಿದ್ದರು. ಮೊದಲು ಬರೀ ಕರಕರ, ಆಮೇಲೆ ಒಂದು ಗುಡುಗು, ಬಿಳಿ ಹೊಗೆ, ಆಮೇಲೆ ಒಂದೇ ಸಮನೆ ಓಡುವ ಶಬ್ದ. ಅಷ್ಟು ಹಗುರಾದ ಶಬ್ದವನ್ನು ನಮ್ಮ ವ್ಯಾನಿನಿಂದ ನಾನು ಕೇಳಿಯೇ ಇರಲಿಲ್ಲ. ಅಮ್ಮ ತಲೆ ಓರೆ ಮಾಡಿ ಕೇಳುತ್ತಿದ್ದಳು, ತನ್ನ ವಾಲ್ವ್‌ಗಳ ದನಿ ಬೇರೆಯಾಗಿ ಕೇಳಿಸುತ್ತದೋ ಎಂಬಂತೆ. ಸಾದಿಕಣ್ಣ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಎಚ್ಚರಿಕೆ ಹೇಳಿದ.

"ರಾಮಣ್ಣ, ಎಲ್ಲ ಇನ್ನೂ ಬಿಗಿ ಇದೆ. ಒಂದು ತಿಂಗಳು ಮೆಲ್ಲಗೆ ಓಡ್ಸು. ಸೈಕಲ್ ಓವರ್‌ಟೇಕ್ ಮಾಡಿದ್ರೂ ಬಿಡು. ಬಿಸಿ ಆಗಿ ನಿಂತ್ರೆ ಕೆಲಸ ಕೆಟ್ಟೋಗತ್ತೆ."

ಶಾಲೆ ತೆರೆದ ಬೆಳಗ್ಗೆ ನಾವು ಹೊರಡುವ ಮೊದಲೇ ಗೋಪಿ ಮಾವನ ಟೆಂಪೊ ಏರಿಯ ಮೇಲೆ ನಿಂತಿತ್ತು. ಅಮ್ಮನ ಮುಖ ಕಪ್ಪಿಟ್ಟಿತು. ವ್ಯಾನು ನಿಂತರೆ ಭಾವನನ್ನು ಕರೆದುಕೊಂಡು ಹೋಗಲು ಬಂದಿದ್ದಾನೆ ಎಂದು ಅವಳೂ ಅಂದುಕೊಂಡಳು, ಅಪ್ಪನೂ ಅಂದುಕೊಂಡ. ಮಾವ ಕೆಳಗಿಳಿಯಲಿಲ್ಲ. ಅಪ್ಪ ಅವನ ಕಡೆ ನೋಡದೆ ಎಂಜಿನ್ ಚಾಲೂ ಮಾಡಿದ. ಅದು ಒಂದೇ ಸಲಕ್ಕೆ ಎದ್ದಿತು. ನಾನು ಎಂದಿನಂತೆ ಹಿಂದಿನ ಸೀಟಿನಲ್ಲಿ, ಹಿಂದಿನ ಗಾಜಿಗೆ ಮುಖ ಮಾಡಿ ಕೂತೆ. ಹೊರಟ ಮೇಲೆ ನೋಡಿದರೆ ಮಾವನ ಟೆಂಪೊ ನಮ್ಮ ಹಿಂದೆಯೇ ಬರುತ್ತಿತ್ತು.

ಅವನಿಗೆ ನಿಧಾನ ಎಂಬುದೇ ಗೊತ್ತಿರಲಿಲ್ಲ. ಹಾರನ್ ಒತ್ತಿದ ಕೈ ತೆಗೆಯದೆ ಓಡಿಸುವವನು. ಅಂಥವನು ಆ ಬೆಳಗ್ಗೆ ನಮ್ಮ ಹಿಂದೆ ನಡೆದುಕೊಂಡು ಬರುವ ಹಾಗೆ ಬಂದ. ನಾವು ಮಕ್ಕಳನ್ನು ಹತ್ತಿಸಿಕೊಳ್ಳಲು ನಿಂತ ಕಡೆಯೆಲ್ಲ ನಿಂತ. ಅಪ್ಪ ಕಿಟಕಿಯಿಂದ ಕೈ ಹೊರಹಾಕಿ ಮುಂದೆ ಹೋಗು ಎಂದು ಸನ್ನೆ ಮಾಡಿದ. ಹೋಗಲಿಲ್ಲ. ನಾಗರಭಾವಿ ಸರ್ಕಲ್ ದಾಟಿದ ಮೇಲೆ ಆಟೋ, ಬಸ್ಸು, ಸ್ಕೂಟರ್ ಎಲ್ಲ ಅವನ ಹಿಂದೆ ಸಾಲುಗಟ್ಟಿ ಹಾರನ್ ಬಾರಿಸತೊಡಗಿದವು. ಅವನು ದಾರಿ ಬಿಡದೆ ನಮ್ಮ ಬೆನ್ನಿಗೆ ಅಂಟಿಕೊಂಡೇ ಇದ್ದ. ಅವನ ಹಿಂದೆ ಬೈಗುಳ, ಮುಂದೆ ನಮ್ಮ ವ್ಯಾನು. ಮಕ್ಕಳು ಗಾಜಿನಿಂದ ಕೈಬೀಸಿದಾಗ ತಾನೂ ಬೀಸಿದ. ನಮಗೆ ಏನಾದರೂ ಆದರೆ ಮಕ್ಕಳನ್ನು ಹತ್ತಿಸಿಕೊಳ್ಳಲು ಟೆಂಪೊದ ಹಿಂದಿನ ಭಾಗವನ್ನು ಗುಡಿಸಿ, ಜಮಖಾನ ಹಾಸಿಕೊಂಡು ಬಂದಿದ್ದ. ಅದು ನನಗೆ ಕಂಡದ್ದು ಶಾಲೆಯ ತಿರುವಿನಲ್ಲಿ, ಟೆಂಪೊ ಪಕ್ಕಕ್ಕೆ ವಾಲಿದಾಗ.

ವ್ಯಾನು ನಿಲ್ಲಲಿಲ್ಲ. ಶಾಲೆಯ ಗೇಟಿನಲ್ಲಿ ಮಕ್ಕಳೆಲ್ಲ ಇಳಿದು ಒಳಗೆ ಓಡಿದರು. ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಅಲ್ಲೇ ನಿಂತೆ. ಅಪ್ಪ ಇಳಿದು ಟೆಂಪೊ ಹತ್ತಿರ ಹೋದ.

"ಎಲ್ಲಿಗೋ ಹೊರಟಿದ್ದೆ?"

"ಇಲ್ಲೇ ಭಾವ. ಈ ಕಡೆ ಒಂದು ಲೋಡ್ ಇತ್ತು."

ಅಪ್ಪ ಟೆಂಪೊದ ಹಿಂದೆ ಇಣುಕಿದ. ಖಾಲಿ ಟೆಂಪೊ, ಮಧ್ಯದಲ್ಲಿ ಜಮಖಾನ. ಮುದುರಿದ್ದ ಅದರ ಅಂಚನ್ನು ಕೈಹಾಕಿ ನೇರಮಾಡಿದ. ಮಾವ ಸ್ಟೀರಿಂಗಿನ ಮೇಲಿನ ಇಲ್ಲದ ಧೂಳನ್ನು ಒರೆಸುತ್ತಿದ್ದ.

"ಮಧ್ಯಾಹ್ನ ಮನೆಗೆ ಊಟಕ್ಕೆ ಬಾ," ಎಂದ ಅಪ್ಪ. "ನಿಮ್ಮಕ್ಕನಿಗೆ ನಾನು ಹೇಳಿರ್ತೀನಿ."

ಮದುವೆಯಾದಾಗಿನಿಂದ ಮಾವನನ್ನು ಊಟಕ್ಕೆ ಕರೆಯುತ್ತಿದ್ದವಳು ಅಮ್ಮ, ಅಪ್ಪ ಒಂದು ಸಲವೂ ಕರೆದವನಲ್ಲ. ಗೇಟಿನೊಳಗೆ ಬೆಲ್ಲು ಹೊಡೆಯಿತು. ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡುತ್ತಿದ್ದ ನನ್ನ ಮಾವನಿಗೆ, ಬರ್ತೀನಿ ಭಾವ ಎಂಬ ಎರಡು ಪದ ಹೇಳಲು ಬಹಳ ಹೊತ್ತು ಬೇಕಾಯಿತು.